ಹಸುವಿನ ವಯಸ್ಸು, ನಮ್ಮ ವಯಸ್ಸು

(ಕೆಂಗೇರಿ ಭಾಗದ ಹಿರಿಯ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಆಡಿದ ಮಾತುಗಳು)



ನಾನು ನಿಮ್ಮ ಮುಂದೆ ನಿಂತರೆ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಖನಿಜ ಮಿಶ್ರಣ ಎಂದು ಶುರು ಮಾಡುತ್ತೇನೆಂಬುದು ನಿಮಗೆಲ್ಲ ಗೊತ್ತು. ಇವತ್ತು ಅಧ್ಯಕ್ಷರು, "ಬಂದಿರುವವರಲ್ಲಿ ಹಿರಿಯರೇ ಹೆಚ್ಚು, ರೋಗದ ಮಾತು ಬೇಡ, ಬಾಳಿನ ಬಗ್ಗೆ ನಾಲ್ಕು ಮಾತು ಹೇಳಿ" ಎಂದಿದ್ದಾರೆ. ಬಾಳಿನ ಬಗ್ಗೆ ನಿಮಗೆ ಹೇಳುವಷ್ಟು ವಯಸ್ಸು ನನ್ನದಲ್ಲ. ನನಗೆ ನಲವತ್ತೇಳು, ಚೀಟಿ ಬರೆಯಲು ಈಗಷ್ಟೇ ಕನ್ನಡಕ ಬಂದಿದೆ. ಆದರೆ ಹಸುವಿನ ಬಾಳನ್ನು ಹೆಬ್ಬಾಳದ ಕಾಲೇಜಿನಲ್ಲಿ ಪುಸ್ತಕದಿಂದಲೂ, ನಿಮ್ಮ ಕೊಟ್ಟಿಗೆಗಳಲ್ಲಿ ಕಣ್ಣಿನಿಂದಲೂ ನೋಡಿದ್ದೇನೆ. ಹಾಗಾಗಿ ಅಲ್ಲಿಂದಲೇ ಹೊರಡುತ್ತೇನೆ.

ಹಸುವಿನ ವಯಸ್ಸು ತಿಳಿಯಲು ನಿಮಗೆ ಡಾಕ್ಟರು ಬೇಕಿಲ್ಲ. ಬಾಯಿ ತೆರೆದು ನೋಡಿದರೆ ಸಾಕು. ಎರಡು ಹಲ್ಲು ಬಂದಿದ್ದರೆ ಸುಮಾರು ಎರಡು ವರ್ಷ, ನಾಲ್ಕು ಹಲ್ಲಿಗೆ ಎರಡೂವರೆ, ಆರು ಹಲ್ಲಿಗೆ ಮೂರು ದಾಟಿರುತ್ತದೆ, ಬಾಯಿಗೂಡಿತೆಂದರೆ ನಾಲ್ಕರ ಮೇಲೆ. ಆಮೇಲೆ ಹಲ್ಲು ಸವೆಯುವುದನ್ನೂ ಕೊಂಬಿನ ಬಳೆಗಳನ್ನೂ ನೋಡಿ ಲೆಕ್ಕ ಹಾಕುತ್ತೀರಿ. ಆದರೆ ಹಾಲು ಹಾಕುವ ಮನೆಯಲ್ಲಿ ಹಸುವಿನ ವಯಸ್ಸನ್ನು ವರ್ಷದಲ್ಲಿ ಯಾರೂ ಹೇಳುವುದಿಲ್ಲ. "ಎಷ್ಟನೇ ಸೂಲು?" ಎಂದೇ ಕೇಳುವುದು. ಇದು ನನಗೆ ಬಹಳ ಹಿಡಿಸಿದ ಲೆಕ್ಕ. ಎಷ್ಟು ಮಳೆಗಾಲ ಕಂಡಿತು ಎಂಬುದಕ್ಕಿಂತ ಎಷ್ಟು ಸಲ ಬತ್ತಿ ಮತ್ತೆ ತುಂಬಿತು ಎಂಬುದರ ಮೇಲೆ ಅದರ ವಯಸ್ಸು.

ಮೊದಲ ಸೂಲಿನ ಪಡ್ಡೆ ಇನ್ನೂ ತಾನೇ ಬೆಳೆಯುತ್ತಿರುತ್ತದೆ. ಅದರ ಹಾಲು ನೋಡಿ "ಇದು ಇಷ್ಟೇ" ಎಂದು ಮಾರಿದವರು ಈ ಭಾಗದಲ್ಲಿ ಬೇಕಾದಷ್ಟು ಜನರಿದ್ದಾರೆ. ಅದೇ ಹಸು ಮೂರನೆಯ, ನಾಲ್ಕನೆಯ ಸೂಲಿನಲ್ಲಿ ಕೊಂಡವರ ಮನೆಯಲ್ಲಿ ಕ್ಯಾನು ತುಂಬಿಸಿದೆ. ಮಿಶ್ರತಳಿ ಹಸುವಿಗೆ ಮೂರರಿಂದ ಐದನೆಯ ಸೂಲು ತುಂಬು ಪ್ರಾಯ. ಆ ಪ್ರಾಯದಲ್ಲೇ ಅಪಾಯವೂ ಹೆಚ್ಚು. ಹಾಲು ಹೆಚ್ಚಾದ ಹಸುವಿಗೇ ಕರು ಹಾಕಿದ ರಾತ್ರಿ ಸುಣ್ಣದಂಶ ಇಳಿದು ಕುತ್ತಿಗೆ ತಿರುಗಿಸಿ ಮಲಗುವುದು. ನಿಮ್ಮ ಫೋನು ನನಗೆ ಬೆಳಗಿನ ಜಾವ ಬರುವುದು. ಮನುಷ್ಯರಲ್ಲೂ ಕೈತುಂಬ ಕೆಲಸವಿರುವ ವಯಸ್ಸಿನಲ್ಲೇ ತಾನೆ ಬಿ.ಪಿ., ಸಕ್ಕರೆ ಎಲ್ಲ ಹೇಳದೆ ಕೇಳದೆ ಬರುವುದು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಕಾಲಕ್ಕೆ ಬರುತ್ತೇನೆ. ಅದು ಬತ್ತಿಸುವ ಕಾಲ.

ಗಬ್ಬದ ಹಸುವನ್ನು ಕರು ಹಾಕುವ ದಿನಕ್ಕೆ 60 ದಿನ ಮುಂಚೆ ಕರೆಯುವುದು ನಿಲ್ಲಿಸಬೇಕೆಂದು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದೇವೆ. ಪ್ರತಿ ಊರಿನಲ್ಲೂ ಒಂದೇ ಉತ್ತರ. "ಡಾಕ್ಟ್ರೇ, ಇನ್ನ ಮೂರು ಲೀಟ್ರು ಬತ್ತಾ ಐತಲ್ಲ, ಯಾಕ್ ನಿಲ್ಲುಸ್ಬೇಕು?" ಬಟವಾಡೆಯ ದಿನ ಆ ಮೂರು ಲೀಟರು ಕಣ್ಣಿಗೆ ಕಾಣುತ್ತದೆ. ಒಳಗೆ ನಡೆಯುವುದು ಕಾಣುವುದಿಲ್ಲ. ಆ ಎರಡು ತಿಂಗಳಲ್ಲಿ ಕೆಚ್ಚಲಿನ ಹಳೆಯ ಜೀವಕೋಶಗಳು ಹೋಗಿ ಹೊಸವು ಬರುತ್ತವೆ. ಕರು ಅತಿ ಹೆಚ್ಚು ಬೆಳೆಯುವುದೂ ಅದೇ ಎರಡು ತಿಂಗಳಲ್ಲಿ. ಗಿಣ್ಣುಹಾಲಿನ ಶಕ್ತಿ ಕೂಡುವುದೂ ಆಗಲೇ. ಬಿಡುವು ಕೊಡದೆ ಕರೆದ ಹಸು ಮುಂದಿನ ಸೂಲಿನಲ್ಲಿ ಹಾಲು ಕಡಿಮೆ ಮಾಡಿ ಲೆಕ್ಕ ತೀರಿಸಿಕೊಳ್ಳುತ್ತದೆ.

ಬತ್ತಿಸುವುದಕ್ಕೂ ಒಂದು ಕ್ರಮವಿದೆ. ಎರಡು ಮೂರು ಲೀಟರಿಗೆ ಇಳಿದ ಹಸುವನ್ನು ಹೇಗೆ ನಿಲ್ಲಿಸಿದರೂ ನಡೆಯುತ್ತದೆ. ಹತ್ತು ಹನ್ನೆರಡು ಲೀಟರು ಕೊಡುತ್ತಿರುವ ಹಸುವನ್ನು ಒಂದೇ ದಿನ ನಿಲ್ಲಿಸಿದರೆ ಕೆಚ್ಚಲು ಬಿಗಿದು, ಹಾಲು ಸೋರಿ, ಮೊಲೆತೊಟ್ಟಿನ ಬಾಗಿಲು ತೆರೆದೇ ಉಳಿದು ಬಾವು ಬರುತ್ತದೆ. ಅಂಥದಕ್ಕೆ ಮೊದಲು ಹಿಂಡಿ ಕಡಿಮೆ ಮಾಡಬೇಕು, ನೀರನ್ನಲ್ಲ. ಎರಡು ಹೊತ್ತು ಕರೆಯುವುದನ್ನು ಒಂದು ಹೊತ್ತಿಗೆ ತರಬೇಕು, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ನಿಲ್ಲಿಸಬೇಕು. ಕೊನೆಯ ಸಲ ಪೂರ್ತಿ ಕರೆದು, ವೈದ್ಯರು ಹೇಳಿದ ಮುಲಾಮನ್ನು ನಾಲ್ಕೂ ತೊಟ್ಟುಗಳಿಗೆ ಏರಿಸಬೇಕು. ಕರು ಹಾಕಲು ಮೂರು ವಾರವಿರುವಾಗ ಹಿಂಡಿಯನ್ನು ಮತ್ತೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಇದು ಗೊತ್ತಿರುವ ವಿಷಯವೇ. ಇವತ್ತು ಮತ್ತೆ ಹೇಳಿದ್ದಕ್ಕೆ ಬೇರೊಂದು ಕಾರಣವಿದೆ.

ನಮ್ಮ ಜಿಲ್ಲೆಯ ಹಾಲಿನ ಕಥೆಯನ್ನು ನೆನಪಿಸಿಕೊಳ್ಳಿ. 1965ರಲ್ಲಿ ಯುನಿಸೆಫ್ ನೆರವಿನಿಂದ ಹೊಸೂರು ರಸ್ತೆಯಲ್ಲಿ ಬೆಂಗಳೂರು ಡೇರಿ ಆಯಿತು. ವಿಶ್ವಬ್ಯಾಂಕಿನ ನೆರವಿನಿಂದ ಆನಂದ್ ಮಾದರಿಯ ಸಂಘಗಳು ಹಳ್ಳಿಹಳ್ಳಿಗೆ ಬಂದದ್ದು 1975ರ ಆಸುಪಾಸಿನಲ್ಲಿ. ಆಗ ಇಪ್ಪತ್ತರ ಹುಡುಗರಾಗಿ ಮೊದಲ ಷೇರು ತೆಗೆದುಕೊಂಡವರಿಗೆ ಈಗ ಎಪ್ಪತ್ತು. ಅಂದರೆ ಸಂಘ ಕಟ್ಟಿದ ಇಡೀ ಒಂದು ತಲೆಮಾರು ಈಗ ಒಟ್ಟಿಗೇ ಬತ್ತಿಸುವ ಕಾಲಕ್ಕೆ ಬಂದಿದೆ. ಮಾತು ಒರಟಾಯಿತೆಂದು ಬೇಸರಿಸಬೇಡಿ, ನಾನು ಹಸುವಿನ ಡಾಕ್ಟರು.

ಊರಿನ ಕಾಲವೂ ಅದೇ ಹೊತ್ತಿಗೆ ತಿರುಗಿದೆ. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು, 1976ರಲ್ಲಿ ಅದರ ಜಾಗದಲ್ಲಿ ಬಿ.ಡಿ.ಎ. ಬಂತು. ಕೇತಮಾರನಹಳ್ಳಿಯ ಕಡೆ ರಾಜಾಜಿನಗರವಾಯಿತು, ಹೊಸಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆಗಳ ಸುತ್ತ ವಿಜಯನಗರವಾಯಿತು, ಸಾಣೆಗುರುವನಹಳ್ಳಿಯ ಪಕ್ಕ ಬಸವೇಶ್ವರನಗರವಾಯಿತು. ಹಸುವನ್ನು ಮನೆಯ ಮುಂದೆಯೇ ತಂದು, ಹುಲ್ಲು ತುಂಬಿದ ಕರುವಿನ ಚರ್ಮ ತೋರಿಸಿ, ಗಿರಾಕಿಯ ಕಣ್ಣೆದುರಿಗೆ ಹಾಲು ಕರೆದುಕೊಟ್ಟು ಹೋಗುತ್ತಿದ್ದವರು ಆ ಬಡಾವಣೆಗಳ ಬೀದಿಬೀದಿಯಲ್ಲಿದ್ದರು. ಈಗ ಅಲ್ಲಿ ಹಳ್ಳಿಯ ಹೆಸರು ಬಸ್ ನಿಲ್ದಾಣದ ಫಲಕದಲ್ಲಿದೆ, ಮೆಟ್ರೋ ನಿಲ್ದಾಣದಲ್ಲಿದೆ, ಮಾರಮ್ಮನ ಗುಡಿಯ ಹತ್ತಿರ ನಾಲ್ಕು ಹಳೆಯ ಮನೆಗಳಲ್ಲಿದೆ.

ನಮ್ಮ ಕಡೆ ಅದು ನಿಧಾನವಾಗಿ ಬಂತು, ಬಂದ ಮೇಲೆ ಒಂದೇ ಏಟಿಗೆ ಬಂತು. 2007ರಲ್ಲಿ ಕೆಂಗೇರಿ ಪುರಸಭೆ ಮಹಾನಗರ ಪಾಲಿಕೆಗೆ ಸೇರಿತು. ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2008ರಲ್ಲಿ ಮೊದಲ ಅಧಿಸೂಚನೆ, 2010ರಲ್ಲಿ ಅಂತಿಮ ಅಧಿಸೂಚನೆ. ಕೊಮ್ಮಘಟ್ಟ, ಸೂಲಿಕೆರೆ, ರಾಮಸಂದ್ರ, ಚಲ್ಲಘಟ್ಟ ಮುಂತಾದ ಹನ್ನೆರಡು ಊರುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ. 2021ರಲ್ಲಿ ಮೆಟ್ರೋ ಕೆಂಗೇರಿಗೆ ಬಂತು, 2023ರಲ್ಲಿ ಚಲ್ಲಘಟ್ಟಕ್ಕೆ ಹೋಯಿತು. ರಾಗಿ, ಅವರೆ ಬೆಳೆದ ಹೊಲದಲ್ಲಿ ಸೈಟಿನ ಕಲ್ಲು ನಿಂತಿದೆ. ವೃಷಭಾವತಿಯಲ್ಲಿ ಹಸು ಮೈ ತೊಳೆದು, ತಾವೂ ಈಜಿ ಬಂದೆವೆನ್ನುವ ಹಿರಿಯರು ಈ ಸಭೆಯಲ್ಲೇ ಇದ್ದಾರೆ. ಆ ನೀರಿನಲ್ಲಿ ಬೆಳೆದ ಹಸಿಹುಲ್ಲನ್ನು ಹಸುವಿಗೆ ಹಾಕಬೇಡಿ ಎಂದು ಮನೆಮನೆಗೆ ಹೇಳಿಬರುವುದು ಈಗ ನನ್ನ ಕೆಲಸದಲ್ಲಿ ಒಂದು.

ಹೊಲ ಹೋದ ಮನೆಗಳಲ್ಲಿ ನಾನು ಎರಡು ಬಗೆ ಕಂಡಿದ್ದೇನೆ. ಒಂದು ಮನೆಯಲ್ಲಿ ಮಕ್ಕಳೆಲ್ಲ ಕೂಡಿ, "ಅಪ್ಪಾ, ಇನ್ನು ಸಾಕು, ಈ ವಯಸ್ಸಿನಲ್ಲಿ ಸಗಣಿ ಬಾಚಬೇಡ" ಎಂದು ಒಂದೇ ದಿನ ಐದು ಹಸುವನ್ನೂ ವ್ಯಾಪಾರಿಗೆ ಹೊಡೆದರು. ಪ್ರೀತಿಯಿಂದಲೇ ಮಾಡಿದರು, ಅದರಲ್ಲಿ ಅನುಮಾನವಿಲ್ಲ. ಮರುದಿನ ಬೆಳಗಿನ ನಾಲ್ಕೂವರೆಗೆ ಆ ಹಿರಿಯರು ಎದ್ದರು. ಐವತ್ತು ವರ್ಷ ಎದ್ದ ಹೊತ್ತು, ಎಚ್ಚರವಾಗದೆ ಇರುತ್ತದೆಯೇ? ಬಕೆಟ್ ಹಿಡಿದು ಖಾಲಿ ಕೊಟ್ಟಿಗೆಗೆ ಹೋಗಿ ನಿಂತರಂತೆ. ಆಮೇಲೆ ಡೇರಿ ತೆರೆಯುವ ಹೊತ್ತಿಗೆ ಹಾಲಿಲ್ಲದಿದ್ದರೂ ಬಂದು ಸಂಘದ ಜಗಲಿಯ ಮೇಲೆ ಕೂರತೊಡಗಿದರು. ಆರು ತಿಂಗಳಲ್ಲಿ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಹತ್ತು ಲೀಟರಿನ ಹಸುವನ್ನು ಒಂದೇ ದಿನ ನಿಲ್ಲಿಸಿದ ಹಾಗೆ ಅದು.

ಇನ್ನೊಂದು ಬಗೆ ಇದಕ್ಕೆ ತಿರುಗಾಮುರುಗ. ಹೊಲವಿಲ್ಲ, ಹುಲ್ಲಿಲ್ಲ, ಮಂಡಿ ನೋವು, ಆದರೂ ಏಳು ಹಸು ಇರಲೇಬೇಕು, "ನಮ್ಮ ಮನೆಯಲ್ಲಿ ಯಾವತ್ತೂ ಏಳಕ್ಕೆ ಕಡಿಮೆ ಇರಲಿಲ್ಲ" ಎನ್ನುವ ಹಟ. ಮೇವೆಲ್ಲ ದುಡ್ಡು ಕೊಟ್ಟು ತರುವುದು, ಕೊಟ್ಟಿಗೆ ಕೆಲಸವೆಲ್ಲ ಸೊಸೆಯ ಮೇಲೆ, ಪಾಸ್‌ಬುಕ್ ಮಾತ್ರ ಮಾವನ ಪೆಟ್ಟಿಗೆಯಲ್ಲಿ. ಹಸುಗಳು ಬಡಕಲು, ಬೆದೆಗೆ ಬರುವುದಿಲ್ಲ, ಬಂದರೂ ಗಬ್ಬ ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ ಆ ಮನೆಗೆ ಎರಡು ಹಸು ಸಾಕು. ಹೊಟ್ಟೆ ತುಂಬಿದ ಎರಡು ಹಸು ಅರೆಹೊಟ್ಟೆಯ ಏಳಕ್ಕಿಂತ ಹೆಚ್ಚು ಉಳಿಸುತ್ತದೆ.

ಹಾಗಾದರೆ ಹೇಗೆ ಬಿಡಬೇಕು? ಹಸುವಿಗೆ ಮಾಡುವಂತೆಯೇ ಎನ್ನುತ್ತೇನೆ. ಮೊದಲು ಒಂದು ಹೊತ್ತು ಬಿಡಿ. ಬೆಳಗ್ಗೆ ನೀವು ಕರೆಯಿರಿ, ಸಂಜೆ ಮಗನೋ ಸೊಸೆಯೋ ಮಗಳೋ ಕರೆಯಲಿ. ಆಮೇಲೆ ಭಾರದ ಕೆಲಸ ಬಿಡಿ. ಎಪ್ಪತ್ತರಲ್ಲಿ ಕ್ಯಾನು ಎತ್ತುವುದು, ಜಾರುವ ನೆಲದಲ್ಲಿ ಸಗಣಿ ಬಾಚುವುದು ಬೇಡ. ಕೊಟ್ಟಿಗೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡಿದ್ದೇನೆ. ಆದರೆ ಕಣ್ಣಿನ ಕೆಲಸ ಬಿಡಬೇಡಿ. ಹಸು ಬೆದೆಗೆ ಬಂದಿದೆಯೇ, ಮೆಲುಕು ಹಾಕುತ್ತಿದೆಯೇ, ಕರು ಹಾಕಿದ ಮೇಲೆ ಸತ್ತೆ ಬಿತ್ತೇ ಎಂಬುದನ್ನು ಹಿರಿಯರ ಹಾಗೆ ಯಾರೂ ಕಾಣುವುದಿಲ್ಲ. ನಿಮ್ಮ ಮಗನಿಗೆ ಫೋನಿನಲ್ಲಿ ಎಲ್ಲ ಸಿಗುತ್ತದೆ. ರಾತ್ರಿ ಹನ್ನೊಂದಕ್ಕೆ ಹಸು ಒಂದೇ ಸಮನೆ ಕೂಗಿದ್ದು ಹಸಿವಿಗಲ್ಲ, ಬೆದೆಗೆ ಎಂಬುದು ನಿಮಗೆ ಹಾಸಿಗೆಯಲ್ಲೇ ತಿಳಿಯುತ್ತದೆ. ಅದನ್ನು ತಪ್ಪಿಸಿಕೊಂಡರೆ 21 ದಿನದ ಖರ್ಚು ದಂಡ. ಎಷ್ಟೋ ಮನೆಗಳಲ್ಲಿ ಅಜ್ಜಿ ಗೋಡೆಯ ಕ್ಯಾಲೆಂಡರಿನಲ್ಲಿ ಸೂಜಿ ಹಾಕಿಸಿದ ದಿನಕ್ಕೆ ಅರಿಶಿನದ ಬೊಟ್ಟು ಇಟ್ಟಿರುತ್ತಾರೆ. ನನ್ನ ದಾಖಲೆ ಪುಸ್ತಕಕ್ಕಿಂತ ಅದನ್ನೇ ನಾನು ಹೆಚ್ಚು ನಂಬುತ್ತೇನೆ.

ಮುದಿ ಹಸುವಿನ ಮಾತನ್ನೂ ಆಡಿಬಿಡಬೇಕು, ಅದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. 1964ರ ಕಾಯ್ದೆಯಲ್ಲೇ ಹಸುವಿನ ವಧೆಗೆ ನಿಷೇಧವಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಂತೆ ಮುದಿ ಎತ್ತು, ಹೋರಿಗಳಿಗೂ ಅದು ಅನ್ವಯಿಸುತ್ತದೆ. ಅಂದಮೇಲೆ ಎಂಟನೆಯ ಸೂಲು ಮುಗಿದ ಹಸುವಿನ ಹೊಟ್ಟೆಯ ಲೆಕ್ಕ ಮೊದಲೇ ಹಾಕಿರಬೇಕು. ಹಾಲು ಕೊಡುವಾಗಲೇ ಬಟವಾಡೆಯಲ್ಲಿ ಇಷ್ಟು ಎಂದು ಎತ್ತಿಟ್ಟವರು ಕಡಿಮೆ. ಹಲ್ಲು ಸವೆದ ಹಸು ಒಣ ರಾಗಿ ಹುಲ್ಲನ್ನು ಅಗಿಯಲಾರದು. ಸಣ್ಣಗೆ ಕತ್ತರಿಸಿ, ನೀರು ಚಿಮುಕಿಸಿ ಕೊಡಬೇಕು. ಗೊರಸು ಬೆಳೆದರೆ ಕತ್ತರಿಸಬೇಕು. ಚಳಿಗಾಲದಲ್ಲಿ ಗೋಣಿಚೀಲ ಹೊದಿಸಬೇಕು. ಇಷ್ಟೇ ಖರ್ಚು. "ನಮ್ಮ ಮಗಳ ಮದುವೆ ಇದರ ಹಾಲಿನ ದುಡ್ಡಿನಲ್ಲೇ ಆಯಿತು" ಎಂದು ಹತ್ತು ವರ್ಷದ ಮೇಲಿನ ಹಸುವನ್ನು ಕಟ್ಟಿಕೊಂಡಿರುವ ಒಬ್ಬ ತಾಯಿ ಇದ್ದಾರೆ. ಅವರ ಹಸುವಿಗೆ ನಾನು ಗೊರಸು ಕತ್ತರಿಸುವಾಗ ಅದು ಅವರ ಸೆರಗನ್ನು ನೆಕ್ಕುತ್ತಾ ನಿಂತಿರುತ್ತದೆ, ಹಗ್ಗ ಬೇಕಾಗುವುದಿಲ್ಲ.

ಕೊನೆಯದು ಕಾಗದದ ವಿಷಯ. ಒಣ ವಿಷಯ, ಆದರೆ ಇದರಲ್ಲೇ ಹೆಚ್ಚು ಕಣ್ಣೀರು ನೋಡಿದ್ದೇನೆ. ಅನೇಕ ಮನೆಗಳಲ್ಲಿ ಷೇರು ಯಜಮಾನರ ಹೆಸರಿನಲ್ಲಿದೆ, ಹಸುವಿನ ವಿಮೆ ಅವರ ಹೆಸರಿನಲ್ಲಿದೆ, ಬ್ಯಾಂಕ್ ಖಾತೆ ಅವರದು. ಹಾಲು ಕರೆದು ಸಂಘಕ್ಕೆ ತರುವವಳು ಸೊಸೆ. ಯಜಮಾನರು ತೀರಿಕೊಂಡ ತಿಂಗಳಿನಿಂದಲೇ ತೊಡಕು ಶುರು. 2016ರಲ್ಲಿ ಲೀಟರಿಗೆ 5 ರೂಪಾಯಿಗೆ ಏರಿದ ಸರ್ಕಾರದ ಪ್ರೋತ್ಸಾಹಧನ ಸದಸ್ಯರ ಖಾತೆಗೇ ಹೋಗುವಂಥದ್ದು. ಸತ್ತವರ ಖಾತೆಯಿಂದ ಅದನ್ನು ಬಿಡಿಸಲು ಆ ಹೆಣ್ಣುಮಗಳು ಎಷ್ಟು ಬಾಗಿಲು ತಟ್ಟಬೇಕು ಯೋಚಿಸಿ. ಹಸು ಸತ್ತಾಗಲೂ ಅಷ್ಟೇ. ಕಿವಿಯಲ್ಲಿ 12 ಅಂಕಿಯ ಓಲೆ ಇರಬೇಕು, ಕಾಗದದ ಹೆಸರಿಗೂ ಮಾಲೀಕರಿಗೂ ತಾಳೆಯಾಗಬೇಕು. ಇಲ್ಲದಿದ್ದರೆ ನಾನು ಶವಪರೀಕ್ಷೆ ಮಾಡಿ ಬರೆದುಕೊಟ್ಟರೂ ವಿಮೆಯವರು ಒಪ್ಪುವುದಿಲ್ಲ. ಸಂಘದಲ್ಲಿ ಮತ ಹಾಕುವ ಹಕ್ಕೂ ಬೈಲಾದಲ್ಲಿ ಹೇಳಿದಷ್ಟು ಹಾಲು ಹಾಕಿದ ಸದಸ್ಯರದ್ದೇ. ಹಾಲು ಹಾಕುವವಳಿಗೆ ಸದಸ್ಯತ್ವವಿಲ್ಲ, ಸದಸ್ಯರು ಹಾಲು ಹಾಕುವುದಿಲ್ಲ ಎಂಬ ಸ್ಥಿತಿ ಮನೆಗೂ ಒಳ್ಳೆಯದಲ್ಲ, ಸಂಘಕ್ಕೂ ಒಳ್ಳೆಯದಲ್ಲ.

"ಬದುಕಿರುವಾಗಲೇ ಹೆಸರು ಬರೆದುಕೊಟ್ಟರೆ ನಮ್ಮನ್ನು ಕೇಳುವವರು ಯಾರು?" ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ನಾಮನಿರ್ದೇಶನ ಎಂದರೆ ಇವತ್ತೇ ಕೊಟ್ಟುಬಿಡುವುದಲ್ಲ. ನೀವು ಇರುವವರೆಗೆ ಷೇರು ನಿಮ್ಮದೇ, ಬೇಕಾದರೆ ಹೆಸರು ಬದಲಾಯಿಸಬಹುದು. ಮನೆಯಲ್ಲಿ ಇನ್ನೊಬ್ಬರು ಹೊಸ ಸದಸ್ಯರಾಗಬಹುದೇ ಎಂಬುದನ್ನೂ ಕಾರ್ಯದರ್ಶಿಗಳಲ್ಲಿ ಕೇಳಿಕೊಳ್ಳಿ.

ನಾಮನಿರ್ದೇಶನದ ಅರ್ಜಿಗಳನ್ನು ಅವರು ಇವತ್ತು ತಂದಿದ್ದಾರೆ, ಆ ಮೇಜಿನ ಮೇಲಿವೆ. ಓದು ಬಾರದವರಿಗೆ ತುಂಬಿಕೊಡಲು ಸಂಘದ ಇಬ್ಬರು ಹುಡುಗರು ಕುಳಿತಿದ್ದಾರೆ. ಪಾಸ್‌ಬುಕ್ ತಂದಿರುವವರು ಮೊದಲು ಹೋಗಿ, ತರದವರು ನಾಳೆ ಸಂಜೆ ಹಾಲಿನ ಹೊತ್ತಿಗೆ ತನ್ನಿ. ಹಸುಗಳ ವಿಷಯದಲ್ಲಿ ಏನಾದರೂ ಕೇಳುವುದಿದ್ದರೆ ನಾನು ಊಟ ಮುಗಿಯುವವರೆಗೂ ಇಲ್ಲೇ ಇರುತ್ತೇನೆ.