ಪಣಜಿಯ ಹಳೆಯ ಆಸ್ಪತ್ರೆ

ಕಾಯಿಲೆಯಿಲ್ಲದೆ ಆಸ್ಪತ್ರೆಯ ಹೊಸ್ತಿಲು ತುಳಿಯುವ ಆಸೆ ಯಾರಿಗೂ ಇರಲಾರದು. ಆದರೂ ಕೈಯಲ್ಲಿ ಔಷಧದ ಸೀಸೆಯಿಲ್ಲದೆ, ಎದೆಯಲ್ಲಿ ಅಳುಕಿಲ್ಲದೆ, ಒಂದು ಸಂಜೆ ಆಸ್ಪತ್ರೆಯೊಂದನ್ನು ನೋಡಿಬಂದ ಸಂಗತಿಯನ್ನು ಇಂದು ತಮಗೆ ಹೇಳಬೇಕೆಂದಿದ್ದೇನೆ. ಆ ಆಸ್ಪತ್ರೆ ಇರುವುದು ಗೋವೆಯ ಪಣಜಿಯಲ್ಲಿ. ನನ್ನೊಡನೆ ಬಂದಿದ್ದವರು ನಮ್ಮ ಕಾಕಾ, ಬಬಲೇಶ್ವರ ತಾಲೂಕಿನ ಮಮದಾಪುರದವರು. ಎಲ್ಲಿಯ ಮಮದಾಪುರ, ಎಲ್ಲಿಯ ಪಣಜಿ ಎಂದು ತಾವು ಕೇಳಬಹುದು.

ಮಳೆ ಕೈಕೊಟ್ಟ ವರ್ಷ ನಮ್ಮ ಎರೆಭೂಮಿಯ ಜನ ಗೋವೆಯ ದಾರಿ ಹಿಡಿಯುತ್ತಾರೆ. ಮಣ್ಣು ಹೊರುವವರು, ಕಲ್ಲು ಒಡೆಯುವವರು, ಗೌಂಡಿಗಳು, ಎಲ್ಲರೂ ಗಂಟು ಕಟ್ಟಿಕೊಂಡು ಘಟ್ಟ ಇಳಿಯುವವರೇ. ನಂಟು ಇನ್ನೂ ಹಳೆಯದು. 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಕಿತ್ತುಕೊಂಡದ್ದು ವಿಜಯಪುರದ ಆದಿಲಶಾಹಿಗಳಿಂದ. ಪಣಜಿಯ ನದೀತೀರದಲ್ಲಿರುವ ಆದಿಲಶಾಹನ ಅರಮನೆಯನ್ನು ಪೋರ್ತುಗೀಜರು ‘ಇದಲ್ಕಾಂವ್’ ಅರಮನೆ ಎಂದು ಕರೆದರು. ನಮ್ಮ ಆದಿಲಖಾನನೇ ಅವರ ನಾಲಗೆಯಲ್ಲಿ ಹಾಗಾದನು! ನಮ್ಮೂರಿಗೆ ಹೆಸರನ್ನೂ ಕೆರೆಯನ್ನೂ ಕೊಟ್ಟ ಮಹಮ್ಮದ ಆದಿಲಶಾಹ ಅದೇ ಮನೆತನದ ಅರಸು.

ಆ ಅರಮನೆಯಿಂದ ಮಾಂಡವಿ ನದಿಯ ದಂಡೆ ಹಿಡಿದು ಸಮುದ್ರದ ಕಡೆಗೆ ತುಸು ನಡೆದರೆ ಉದ್ದ ಜಗಲಿಯ ಹಳೆಯ ಆಸ್ಪತ್ರೆ ಸಿಗುತ್ತದೆ. ಪೋರ್ತುಗೀಜರು 1842ರಲ್ಲಿ ಪಣಜಿಯಲ್ಲಿ ವೈದ್ಯಶಾಲೆಯೊಂದನ್ನು ತೆರೆದರು. ಅಲ್ಲಿ ಕಲಿತ ಗೋವೆಯ ತರುಣರು ಆಫ್ರಿಕದ ಪೋರ್ತುಗೀಜ ವಸಾಹತುಗಳವರೆಗೂ ಹೋಗಿ ವೈದ್ಯರಾಗಿ ದುಡಿದರು. 1961ರಲ್ಲಿ ಗೋವೆ ಸ್ವತಂತ್ರವಾಯಿತು. 1963ರಲ್ಲಿ ಆ ಶಾಲೆ ಗೋವಾ ಮೆಡಿಕಲ್ ಕಾಲೇಜಾಯಿತು. ಮುಂದೆ ಜಾಗ ಸಾಲದೆ ಕಾಲೇಜೂ ಆಸ್ಪತ್ರೆಯೂ ಊರ ಹೊರಗಿನ ಬಾಂಬೋಳಿಗೆ ಹೋದವು. ಬಿಟ್ಟುಹೋದ ಕಟ್ಟಡವನ್ನು 2004ರಲ್ಲಿ, ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಮೊದಲ ಬಾರಿಗೆ ಗೋವೆಗೆ ಬಂದಾಗ, ದುರಸ್ತಿಗೊಳಿಸಿದರು. 2016ರಿಂದೀಚೆಗೆ ಡಿಸೆಂಬರ್ ತಿಂಗಳ ಸೆರೆಂಡಿಪಿಟಿ ಕಲೋತ್ಸವದಲ್ಲಿ ಅಲ್ಲಿಯ ಕೋಣೆಗಳು ಸಾರ್ವಜನಿಕರಿಗೆ ತೆರೆದುಕೊಂಡಿವೆ. ರೋಗಿಗಳು ಮಲಗಿದ್ದಲ್ಲಿ ಈಗ ಚಿತ್ರ, ಶಿಲ್ಪಗಳು.

ಕಾಕಾ ಆ ಆಸ್ಪತ್ರೆಯಲ್ಲಿ ಮಲಗಿದ್ದವರು. 1983ರಲ್ಲಿ ಪಣಜಿಯ ಹತ್ತಿರ ಮನೆಯೊಂದರ ಕೆಲಸದಲ್ಲಿದ್ದಾಗ ಕಟ್ಟಿಗೆಯ ಅಟ್ಟಣಿಗೆಯಿಂದ ಬಿದ್ದು ತೊಡೆಯ ಎಲುಬು ಮುರಿದಿತ್ತು. ಒಂದೂವರೆ ತಿಂಗಳು ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರಂತೆ. ಕೊಂಕಣಿ ಅವರಿಗೆ ಬಾರದು, ಕನ್ನಡ ನರ್ಸಿಗೆ ಬಾರದು. ನೋವು ಹೆಚ್ಚಾದರೆ ಒಂದು ಬೆರಳು, ಕಡಿಮೆಯಾದರೆ ಎರಡು. ಹೀಗೆ ಇಬ್ಬರೂ ಒಂದು ಭಾಷೆ ಮಾಡಿಕೊಂಡಿದ್ದರು. ಇದನ್ನು ನಾನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೆನೋ! ಕಲೋತ್ಸವದ ಸುದ್ದಿ ತಿಳಿದಾಗ, “ಕಾಕಾ, ನಿಮ್ಮ ದವಾಖಾನಿ ತೆರೆದಾರಂತ, ಹೋಗೂಣೇನ್ರಿ?” ಎಂದೆ. ಮರುದಿನವೇ ಧೋತರ ಒಗೆಸಿಟ್ಟರು.

ಒಳಗೆ ಕಾಲಿಟ್ಟವರೇ ಕಾಕಾ ಮೊದಲು ನೋಡಿದ್ದು ಗೋಡೆಯನ್ನು. ಗೌಂಡಿಯ ಕಣ್ಣು! ಅಂಗೈಯಿಂದ ತಟ್ಟಿ, ಕಿವಿಗೊಟ್ಟು, ಸಂದಿಯಲ್ಲಿ ಉಗುರು ಆಡಿಸಿದರು. ಹಳೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಗೆ ಬಾರದೆ ಗೋಡೆ ಒಳಗೊಳಗೇ ಕೊಳೆಯುತ್ತದೆ, ಸುಣ್ಣದ ಗಚ್ಚಾದರೆ ಉಸಿರಾಡುತ್ತದೆ ಎಂದು ದಾರಿಯುದ್ದಕ್ಕೂ ನನಗೆ ಪಾಠ. ಆಮೇಲೆ ಕಿಟಕಿಗಳನ್ನು ಎಣಿಸತೊಡಗಿದರು. ಜಂತುನಾಶಕ ಔಷಧಗಳಿಲ್ಲದ ಕಾಲದಲ್ಲಿ ಗಾಳಿಯೇ ಅರ್ಧ ವೈದ್ಯನೆಂದು ನಂಬಿ ಎತ್ತರದ ಮಾಳಿಗೆ, ಎದುರುಬದುರು ಕಿಟಕಿ, ಉದ್ದ ಜಗಲಿ ಇಟ್ಟು ಆಸ್ಪತ್ರೆಗಳನ್ನು ಕಟ್ಟುತ್ತಿದ್ದರು. ಮೂರನೆಯ ಕಿಟಕಿಯ ಬಳಿ ಕಾಕಾ ನಿಂತುಬಿಟ್ಟರು.

“ಇಲ್ಲೇ ನೋಡಪ್ಪಾ ನನ್ನ ಕಾಟು. ಇಲ್ಲಿಂದ ಹೊಳಿ ಕಾಣತಿತ್ತು.”

ಅಲ್ಲೊಂದು ಚಿತ್ರ ತೂಗುಹಾಕಿದ್ದರು. ನೀಲಿ ಬಣ್ಣದ, ನನಗೆ ಅರ್ಥವಾಗದ ಚಿತ್ರ. ಕಾವಲಿಗಿದ್ದ ಹುಡುಗಿ ಹತ್ತಿರ ಬಂದು ಹಿಂದಿಯಲ್ಲಿ ವಿಚಾರಿಸಿದಳು. ಸಂಗತಿ ಹೇಳಿದೆ. ಆಕೆ ಓಡಿಹೋಗಿ ಒಂದು ಕುರ್ಚಿ ತಂದಳು. ಕಾಕಾ ಕನ್ನಡದಲ್ಲಿ ಹೇಳುತ್ತಾ ಹೋದರು, ನಾನು ಹಿಂದಿಗೆ ತಿರುಗಿಸುತ್ತಾ ಹೋದೆ. ಬೆರಳಿನ ಭಾಷೆಯ ಕತೆ ಬಂದಾಗ ಹತ್ತು ಹದಿನೈದು ಜನ ಸುತ್ತ ನೆರೆದಿದ್ದರು. ಚಿತ್ರವನ್ನು ಯಾರೂ ನೋಡುತ್ತಿರಲಿಲ್ಲ. ಪಾಪ, ಆ ಚಿತ್ರಕಾರ ನನ್ನನ್ನು ಕ್ಷಮಿಸಬೇಕು.

ಹಳೆಯ ಕಟ್ಟಡಕ್ಕೆ ಹೊಸ ಉದ್ಯೋಗ ಕೊಡುವುದು ವಿಜಯಪುರದವರಾದ ನಮಗೆ ಹೊಸದಲ್ಲ. ಬುಖಾರಾ ಮಸೀದಿ ಒಂದು ಕಾಲಕ್ಕೆ ಅಂಚೆ ಕಚೇರಿಯಾಗಿತ್ತು. ಅರಶ್ ಮಹಲಿನಲ್ಲಿ ಆಂಗ್ಲರ ಕಾಲದ ಸಿವಿಲ್ ಸರ್ಜನ್ ವಾಸವಾಗಿದ್ದ. ಗೋಲ ಗುಮ್ಮಟದ ಮುಂದಿನ ನಗಾರಖಾನೆ 1892ರಲ್ಲಿ ವಸ್ತುಸಂಗ್ರಹಾಲಯವಾಯಿತು. ಖಾಲಿ ಬಿದ್ದು ಬಾವಲಿಗಳಿಗೆ ಮನೆಯಾಗುವುದಕ್ಕಿಂತ ಇದು ಮೇಲು. ಆದರೆ ಆಸ್ಪತ್ರೆಯ ಮಾತು ಸ್ವಲ್ಪ ಬೇರೆ. ಅರಮನೆಯಲ್ಲಿ ಇದ್ದವರು ಹತ್ತೆಂಟು ಜನ. ಅವರ ಹೆಸರು ಚರಿತ್ರೆಯಲ್ಲಿದೆ. ಆಸ್ಪತ್ರೆಯಲ್ಲಿ ಮಲಗಿ ಎದ್ದವರು, ಏಳದೆ ಹೋದವರು ಸಾವಿರಾರು. ಅವರ ಕತೆ ಅವರ ಮನೆಯವರ ಬಾಯಲ್ಲಿ ಮಾತ್ರ ಇದೆ.

ಫ್ರಾನ್ಸಿನ ಬೋನ್ ಪಟ್ಟಣದಲ್ಲಿ 1443ರಲ್ಲಿ ಸ್ಥಾಪಿಸಿದ ಬಡವರ ಆಸ್ಪತ್ರೆಯೊಂದಿದೆ. 1971ರವರೆಗೂ ಅಲ್ಲಿ ರೋಗಿಗಳಿದ್ದರು. ಈಗ ಅದು ವಸ್ತುಸಂಗ್ರಹಾಲಯ. ದೊಡ್ಡ ಹಜಾರದಲ್ಲಿ ಕೆಂಪು ಪರದೆಯ ಮಂಚಗಳನ್ನು ಸಾಲಾಗಿ ಹಾಗೆಯೇ ಇಟ್ಟಿದ್ದಾರೆ. ಎಲ್ಲ ಕಡೆಯೂ ಅಷ್ಟು ಮಾಡಲಾಗದು, ಬೇಕಾಗಿಯೂ ಇಲ್ಲ. ಹಳೆಯ ಆಸ್ಪತ್ರೆಯನ್ನು ತೆರೆದಲ್ಲೆಲ್ಲ ಒಂದು ಕೋಣೆಯಲ್ಲಿ ಒಂದೇ ಮಂಚ, ಅದರ ಪಕ್ಕದಲ್ಲಿ ಅಲ್ಲಿದ್ದವರು ಹೇಳಿದ ನಾಲ್ಕು ಮಾತು ಇದ್ದರೆ ಸಾಕೆಂದು ನನಗೆ ತೋರುತ್ತದೆ. ಹೇಳುವವರು ಇರುವಾಗಲೇ ಬರೆದುಕೊಳ್ಳಬೇಕು. ಕಾಕಾಗೆ ಎಂಬತ್ತು ಸಮೀಪಿಸಿದೆ. ತಮ್ಮ ಮನೆಯಲ್ಲಿಯೂ ಅಂಥ ಹಿರಿಯರಿದ್ದರೆ ಈ ಭಾಷಣ ಮುಗಿದ ಮೇಲೆ ಕೇಳಿನೋಡಿ: ಯಾವ ಆಸ್ಪತ್ರೆ, ಯಾವ ವರ್ಷ, ಕಿಟಕಿಯಿಂದ ಏನು ಕಾಣುತ್ತಿತ್ತು?

ಹೊರಗೆ ಬಂದು ಜಗಲಿಯಲ್ಲಿ ಕುಳಿತಾಗ ಕತ್ತಲಾಗುತ್ತಿತ್ತು. ಕಾಕಾ ಬಹಳ ಹೊತ್ತು ಸುಮ್ಮನಿದ್ದು, “ಈಗ ಇಲ್ಲಿ ಒಬ್ಬರೂ ಪೇಷಂಟ್ ಇಲ್ಲೇನು?” ಎಂದು ಕೇಳಿದರು.

“ಇಲ್ರಿ ಕಾಕಾ.”

“ಹಂಗಾದ್ರ ಎಲ್ಲಾರೂ ಆರಾಮ ಆಗಿ ಮನೀಗಿ ಹೋದ್ರು ಅನ್ನು” ಎಂದು ನಕ್ಕು, ನನ್ನ ಹೆಗಲು ಹಿಡಿದು ಎದ್ದರು. ಬೆಳಗಾವಿಯ ಬಸ್ಸಿಗೆ ಇನ್ನೂ ಒಂದು ತಾಸಿತ್ತು.