ಮುಖ ಕಾಣದ ಭಾವಚಿತ್ರ

ಭಾವಚಿತ್ರವೆಂದೊಡನೆ ನಮ್ಮ ಕಣ್ಣು ಮುಖವನ್ನು ಅರಸುತ್ತದೆ. ಕೆನಡಾದ ಛಾಯಾಗ್ರಾಹಕ ಯೂಸುಫ್ ಕಾರ್ಶ್ ಹೆಸರಾದದ್ದೂ ಮುಖಗಳಿಂದಲೇ. 1941ರಲ್ಲಿ ಒಟ್ಟಾವಾದಲ್ಲಿ ಚರ್ಚಿಲರ ಬಾಯಿಂದ ಚುಟ್ಟಾವನ್ನು ತಟ್ಟನೆ ಕಿತ್ತು, ಆ ಕೆರಳಿದ ನೋಟವನ್ನು ಸೆರೆಹಿಡಿದವರು ಅವರು. ಆದರೆ 1954ರಲ್ಲಿ, ಫ್ರಾನ್ಸಿನ ಪ್ರಾದ್ ಬಳಿಯ ಪುರಾತನ ಮಠವೊಂದರಲ್ಲಿ, ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸರನ್ನು ಅವರು ಚಿತ್ರಿಸಿದ್ದು ಬೆನ್ನ ಹಿಂದಿನಿಂದ. ಬರಿಯ ಕಲ್ಲುಗೋಡೆ, ಎತ್ತರದಲ್ಲೊಂದು ಕಿರುಗಿಂಡಿ, ನುಡಿಸುತ್ತ ಕುಳಿತ ಒಂಟಿ ಆಕೃತಿ.

ಕಸಾಲ್ಸರು ಫ್ರಾಂಕೋ ಆಳ್ವಿಕೆಗೆ ತಲೆಬಾಗದೆ ಸ್ಪೇನನ್ನು ತೊರೆದವರು. ಕಾರ್ಶ್ ಬಾಲ್ಯದಲ್ಲಿ ಆರ್ಮೇನಿಯನ್ನರ ಕಗ್ಗೊಲೆಯನ್ನು ಕಂಡು, ಹುಟ್ಟೂರಿಗೆ ಎರವಾದವರು. ನೆಲ ಕಳೆದುಕೊಂಡವನ ಏಕಾಂತವನ್ನು ಅವರು ಬಲ್ಲವರಾಗಿದ್ದರು. ಚರ್ಚಿಲರಿಂದ ಚುಟ್ಟಾ ಕಸಿದವರೇ ಇಲ್ಲಿ ಹಿಂದೆ ನಿಂತು ಕೇಳಿದರು. ಆ ವಿನಯವೂ ಅವರ ಕಲೆಯೇ.