ಹಕ್ಕಿಯ ಲಯ, ಹಕಾರದ ಉಸಿರು



ದ. ರಾ. ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ 1932ರಲ್ಲಿ ಪ್ರಕಟವಾದ ‘ಗರಿ’ ಸಂಕಲನದ ಕವಿತೆ. ಈ ಹಕ್ಕಿಯೆಂದರೆ ಕಾಲ ಎಂಬ ಟಿಪ್ಪಣಿಯನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಬರೆಯಿಸಿದ್ದೇನೆ. ಅದನ್ನು ಇಂದು ಬದಿಗಿಡೋಣ. ಕವಿತೆ ಕಿವಿಗೆ ಹೇಗೆ ಬೀಳುತ್ತದೆ ಎಂಬುದಷ್ಟೇ ಇಂದಿನ ವಿಷಯ.

ಸಾಲುಗಳ ನಡೆ ಬಹುಮಟ್ಟಿಗೆ ನಾಲ್ಕು ನಾಲ್ಕು ಮಾತ್ರೆಗಳದು. ಮೊದಲ ನುಡಿಯಲ್ಲಿ ‘ಗಾವುದ’ ಎಂಬ ಮಾತು ಮೂರು ಸಲ ಬರುವಲ್ಲಿ ಲಯ ಒಂದೇ ಸಮನೆ ಸಾಗುತ್ತದೆ. ರಾಮನಗರದ ರಾಮದೇವರ ಬೆಟ್ಟದ ಮೇಲೆ ರೆಕ್ಕೆ ಬಡಿಯದೆ ತೇಲುವ ರಣಹದ್ದನ್ನು ಕಂಡವರಿಗೆ ಈ ನಡೆ ಹೊಸದಲ್ಲ. (ಆ ಬೆಟ್ಟ ರಣಹದ್ದುಗಳ ಅಭಯಧಾಮವೆನಿಸಿದ್ದು 2012ರಲ್ಲಿ, ಹಕ್ಕಿಗಳು ವಿರಳವಾದ ಮೇಲೆ.) ಪಲ್ಲವಿ ಬಂದೊಡನೆ ಎಣಿಕೆ ಬೇರೆ: ‘ಹಕ್ಕಿ’ ಮೂರು ಮಾತ್ರೆ, ‘ಹಾರುತಿದೆ’ ಐದು, ‘ನೋಡಿದಿರಾ’ ಆರು. ನಾಲ್ಕರ ಗೆರೆ ‘ಹಾ’ ಎಂಬ ಗುರುವನ್ನೇ ಸೀಳಿಕೊಂಡು ಹೋಗುತ್ತದೆ. ಒತ್ತಕ್ಷರದಲ್ಲಿ ತಡೆದ ನಾಲಗೆ ದೀರ್ಘಸ್ವರದಲ್ಲಿ ಬಿಚ್ಚಿಕೊಳ್ಳುತ್ತದೆ. ರೆಕ್ಕೆ ಬಡಿದದ್ದು ಅಲ್ಲಿ.

ಇದು ನನಗೆ ತಡವಾಗಿ ಹೊಳೆಯಿತು. ನಾನು ಪಾಠ ಹೇಳಲು ತೊಡಗಿದ ಹೊಸದರಲ್ಲಿ, ಕನಕಪುರದ ಕಡೆಯ ಹಳ್ಳಿಯ ಹುಡುಗನೊಬ್ಬ ಎದ್ದು ನಿಂತು ‘ಅಕ್ಕಿ ಆರುತಿದೆ’ ಎಂದು ಓದಿದ. “ಎಲ್ಲಿ ಆರ್ತಿದೆಯಪ್ಪಾ, ಅಂಗಳದಲ್ಲೋ?” ಎಂದೆ. ತರಗತಿ ಘೊಳ್ಳೆಂದಿತು. ಆ ವರ್ಷ ಅವನು ಮತ್ತೆ ದನಿಯೆತ್ತಿ ಓದಲಿಲ್ಲ.

ಈಗ ಎಣಿಸಿ ನೋಡುತ್ತೇನೆ: ಅವನ ಓದಿನಲ್ಲಿ ಒಂದು ಮಾತ್ರೆಯೂ ಕಳೆದಿರಲಿಲ್ಲ. ಮೂರು, ಐದು, ಆರು ಹಾಗೆಯೇ ಇದ್ದವು. ಲಯವನ್ನು ಅವನು ನನಗಿಂತ ಚೆನ್ನಾಗಿಯೇ ಹಿಡಿದಿದ್ದ. ಹಳಗನ್ನಡದ ‘ಪಕ್ಕಿ’ ನಡುಗನ್ನಡದಲ್ಲಿ ‘ಹಕ್ಕಿ’ಯಾಯಿತೆಂದು ಅದೇ ತರಗತಿಗೆ ಗಂಭೀರವಾಗಿ ಪಾಠ ಹೇಳಿದವನು ನಾನು. ಪಕಾರ ಹಕಾರವಾದರೆ ಭಾಷಾಶಾಸ್ತ್ರ, ಹಕಾರವೂ ಬಿದ್ದುಹೋದರೆ ನಗೆಪಾಟಲು! ಚನ್ನಪಟ್ಟಣ, ಮಾಗಡಿಗಳ ಸಂತೆಯಲ್ಲಿ ನಿಂತರೆ ಆ ಮುಂದಿನ ಹೆಜ್ಜೆ ಇಂದಿಗೂ ಕಿವಿಗೆ ಬೀಳುತ್ತದೆ.

ಹಾಗೆಂದು ಈ ಪಲ್ಲವಿಗೆ ಹಕಾರ ಬೇಡವೆನ್ನಲಾರೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಪಲ್ಲವಿಯನ್ನು ಒಮ್ಮೆ ಹೇಳಿನೋಡಿ. ಎರಡು ಸಲ ಬಿಸಿಯುಸಿರು ತಾಗುತ್ತದೆ. ಮೊದಲನೆಯದು ಚಿಕ್ಕದು, ಎರಡನೆಯದು ನೀಳ. ‘ನೋಡಿದಿರಾ’ ಎನ್ನುವಾಗ ಆ ಉಸಿರಿಲ್ಲ. ಹಕ್ಕಿ ಆಗಲೇ ದೂರವಾಗಿದೆ, ಉಳಿದದ್ದು ಪ್ರಶ್ನೆಯ ದೀರ್ಘ ಮಾತ್ರ. ಆ ಹುಡುಗನಿಗೆ ತೋರಿಸಬೇಕಾಗಿದ್ದದ್ದು ಇದು. ಮುಂದೆ ಎಲ್ಲ ತರಗತಿಗಳಲ್ಲೂ ಅಂಗೈ ಹಿಡಿಸಿಯೇ ಓದಿಸಿದೆ. ಅವನು ಅಷ್ಟರಲ್ಲಿ ಪದವಿ ಮುಗಿಸಿ ಹೋಗಿದ್ದ.